ಥರ್ಜಾ ಹೊಲಿದ ಬಿಳಿ ಕೈಗವಸು

ಥರ್ಜಾ ಟ್ಯಾಂಡಿ ತೀರಿಕೊಂಡಾಗ ನಮ್ಮೂರಿನ ಪತ್ರಿಕೆ ಅವಳಿಗೆ ಎರಡು ಸಾಲು ಕೊಟ್ಟಿತು. ಕೈಗವಸು ಹೊಲಿಯುತ್ತಿದ್ದ ಹಿರಿಯ ಹೆಂಗಸು, ಐವತ್ತು ವರ್ಷದ ಕೆಲಸ, ಚಾಪೆಲ್ಲಿನ ಸದಸ್ಯೆ, ಇಷ್ಟೇ. ಅದೇ ಪುಟದಲ್ಲಿ ಊರಿನ ದೊಡ್ಡವರಾದ ಲೈಡ್ ಮನೆತನದ ಹೆಣ್ಣು ಹಂದಿಗೆ ಕೌಂಟಿ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂದ ಸುದ್ದಿ ಅರ್ಧ ಕಾಲಂ ಇತ್ತು, ಫೋಟೋ ಸಮೇತ. ಆ ಪತ್ರಿಕೆಯನ್ನು ನಾನು ಒಲೆ ಹಚ್ಚಲು ಬಳಸಿದೆ. ಅದು ಹದಿನಾಲ್ಕು ವರ್ಷದ ಹಿಂದಿನ ಮಾತು.

ಈ ಜನವರಿಯಲ್ಲಿ ಸರ್ಕಾರ ಅಸೈಸ್ ಕೋರ್ಟನ್ನೇ ಮುಚ್ಚಿಬಿಟ್ಟಿತು. ವರ್ಷಕ್ಕೆರಡು ಮೂರು ಸಲ ಲಂಡನ್ನಿನಿಂದ ಕೆಂಪು ನಿಲುವಂಗಿಯ ನ್ಯಾಯಾಧೀಶರು ಬಂದು ದೊಡ್ಡ ಅಪರಾಧಗಳನ್ನು ವಿಚಾರಿಸುವುದು, ಹೈ ಶೆರಿಫರು ಮಖಮಲ್ ಕೋಟು ತೊಟ್ಟು, ಸೊಂಟಕ್ಕೆ ಕತ್ತಿ ಕಟ್ಟಿ, ಕಹಳೆ ಊದಿಸಿ ಅವರನ್ನು ಎದುರುಗೊಳ್ಳುವುದು, ಎಲ್ಲಕ್ಕೂ ತೆರೆ ಬಿತ್ತು. ಊರಿನವರಿಗೆ ಇದ್ದಕ್ಕಿದ್ದಂತೆ ಹಳೆಯ ವೈಭವದ ಮೇಲೆ ಪ್ರೀತಿ ಉಕ್ಕಿ, ಕೌಂಟಿ ಕಚೇರಿಯ ಹಜಾರದಲ್ಲಿ ಒಂದು ಗಾಜಿನ ಪೆಟ್ಟಿಗೆ ಇಟ್ಟರು. ಅದರೊಳಗೆ ಒಂದು ಜೊತೆ ಬಿಳಿ ಕೈಗವಸು ಇದೆ. ಅದನ್ನು ಹೊಲಿದವಳು ಥರ್ಜಾ. ಹೊಲಿಯುವಾಗ ಎದುರಿಗೆ ಕೂತಿದ್ದವಳು ನಾನು, ವಿನ್ ಪ್ರಾಸರ್. ಬೇರೆ ಯಾರೂ ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಥರ್ಜಾ ಹುಟ್ಟಿದ್ದು ಕಾಲುವೆ ದೋಣಿಯವರ ಮನೆಯಲ್ಲಿ. ಏಳು ವರ್ಷಕ್ಕೆ ಸೂಜಿ ಹಿಡಿದಳು, ಹನ್ನೊಂದಕ್ಕೆ ಶಾಲೆ ಬಿಟ್ಟಳು. ನಮ್ಮ ಬೀದಿಯ ಹೆಂಗಸರೆಲ್ಲ ಮನೆಯಲ್ಲೇ ಕೂತು ಕಾರ್ಖಾನೆಗೆ ಹೊಲಿದುಕೊಡುತ್ತಿದ್ದೆವು. ಅಲ್ಲಿ ಕತ್ತರಿಸಿದ ಚರ್ಮ ಸೋಮವಾರ ಬರುತ್ತಿತ್ತು, ಹೊಲಿದ ಕೈಗವಸು ಶನಿವಾರ ಹೋಗುತ್ತಿತ್ತು. ಚರ್ಮವನ್ನು ಕಚ್ಚಿ ಹಿಡಿಯುವ, ಕಾಲಲ್ಲಿ ಒತ್ತುವ ಮರದ ಇಕ್ಕಳವೊಂದಿತ್ತು. ಅದರ ಹಿತ್ತಾಳೆಯ ಹಲ್ಲುಗಳ ಸಂದಿನಲ್ಲಿ ಸೂಜಿ ತೂರಿಸಿದರೆ ಹೊಲಿಗೆ ಒಂದೇ ಅಂತರದಲ್ಲಿ ಬೀಳುತ್ತದೆ. ನಾವು ಅದನ್ನು ಕತ್ತೆ ಎನ್ನುತ್ತಿದ್ದೆವು. ಥರ್ಜಾ ಎಷ್ಟೋ ಸಲ ಕತ್ತೆಯನ್ನು ಪಕ್ಕಕ್ಕಿಟ್ಟು ಬರಿಗೈಯಲ್ಲೇ ಹೊಲಿಯುತ್ತಿದ್ದಳು. ಅಂಗುಲಕ್ಕೆ ಹನ್ನೆರಡು ಹೊಲಿಗೆ, ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ.

ನಾಲಿಗೆಯೂ ಸೂಜಿಯಷ್ಟೇ ಚುರುಕು. ನಾನು ಹೊಸದಾಗಿ ಸೇರಿದಾಗ ಬಾಯಿ ಮುಚ್ಚುತ್ತಿರಲಿಲ್ಲ. "ಏನೇ ವಿನ್, ಬಾಯಲ್ಲಿ ಹೊಲೀತೀಯಾ? ಹಾಗಾದ್ರೆ ಕೈಗೆ ರಜಾ ಕೊಡು" ಎಂದಿದ್ದಳು. ದಾರಿಯಲ್ಲಿ ಹೋಗುವವರ ಕೈ ನೋಡಿಯೇ ಅಳತೆ ಹೇಳುವಳು. ಪಾದ್ರಿ ಎಂಟು, ಬ್ಯಾಂಕಿನವನು ಏಳೂವರೆ, ಅವನ ಹೆಂಡತಿ ಆರು ಎಂದು ಹೇಳಿಕೊಂಡು ಆರೂಮುಕ್ಕಾಲು. ಮೊದಲ ಗಂಡ ಬೆಡ್ಡೋಸ್ ಯುದ್ಧದಲ್ಲಿ ಸತ್ತ. ಎರಡನೆಯವನು, ಟ್ಯಾಂಡಿ, ಎದೆರೋಗದಲ್ಲಿ ಹೋದ. ಉಳಿದವಳು ಮೊದಲ ಗಂಡನ ಮಗಳು ಆಲಿವ್ ಬೆಡ್ಡೋಸ್. ಹತ್ತೊಂಬತ್ತಕ್ಕೇ ಆ ಹುಡುಗಿಯ ಹೊಲಿಗೆ ತಾಯಿಯನ್ನು ಮೀರಿಸಿತ್ತು. ಥರ್ಜಾ ಅದನ್ನು ಮಗಳ ಎದುರಿಗೆ ಒಮ್ಮೆಯೂ ಒಪ್ಪಲಿಲ್ಲ, ನನ್ನ ಹತ್ತಿರ ಮಾತ್ರ ವಾರಕ್ಕೊಮ್ಮೆ ಹೇಳುತ್ತಿದ್ದಳು.

ಸಾವಿರದ ಒಂಬೈನೂರ ಮೂವತ್ತೈದರ ವಸಂತದಲ್ಲಿ ಮೇಜರ್ ಲೈಡ್ ಹೈ ಶೆರಿಫ್ ಆದರು. ಅರಮನೆಯಲ್ಲಿ ರಾಜರು ಹೆಸರುಗಳ ಪಟ್ಟಿ ಬಿಚ್ಚಿ, ಬೇಕಾದವನ ಹೆಸರಿನ ಪಕ್ಕ ದಬ್ಬಳದಿಂದ ಚುಚ್ಚುತ್ತಾರೆ. ಚುಚ್ಚಿಸಿಕೊಂಡವನು ಒಂದು ವರ್ಷ ಶೆರಿಫ್. ಥರ್ಜಾಗೆ ಇದು ದೊಡ್ಡ ತಮಾಷೆ. "ನೋಡೇ, ರಾಜರಿಗೂ ನಮ್ಮ ಹಾಗೇ ಚುಚ್ಚೋ ಕೆಲಸ. ಅವರು ಒಂದು ಸಲ ಚುಚ್ಚಿದ್ರೆ ಒಬ್ಬ ಶೆರಿಫ್ ರೆಡಿ. ನಾವು ಸಾವಿರ ಸಲ ಚುಚ್ಚಿದ್ರೂ ಒಂದು ಜೊತೆ ಗ್ಲೌಸು" ಎನ್ನುತ್ತಿದ್ದಳು.

ಲೈಡ್ ಕೆಟ್ಟವರೇನಲ್ಲ. ನಗುಮುಖದ ಮನುಷ್ಯ. ಶೆರಿಫ್ ಆದವನು ಆಸ್ಪತ್ರೆ, ಜೈಲು, ಅನಾಥಾಲಯ ಎಲ್ಲ ಸುತ್ತಬೇಕು, ಅವರು ಬೇಸರವಿಲ್ಲದೆ ಸುತ್ತಿದರು. ಆದರೆ ಅವರಿಗೊಂದು ಆಸೆ ಇತ್ತು, ಊರಿಗೆಲ್ಲ ಗೊತ್ತಿದ್ದ ಆಸೆ. ಅಸೈಸ್‌ಗೆ ಒಬ್ಬನೇ ಒಬ್ಬ ಆರೋಪಿಯೂ ಇಲ್ಲದಿದ್ದರೆ, ಕೌಂಟಿ ಕಳಂಕವಿಲ್ಲದ್ದು ಎಂದು ಶೆರಿಫರು ತುಂಬಿದ ಕೋರ್ಟಿನಲ್ಲಿ ನ್ಯಾಯಾಧೀಶರಿಗೆ ಒಂದು ಜೊತೆ ಬಿಳಿ ಕೈಗವಸು ಕೊಡುವ ಪದ್ಧತಿ. ಲೈಡರ ತಂದೆ ತಮ್ಮ ವರ್ಷದಲ್ಲಿ ಅದನ್ನು ಕೊಟ್ಟಿದ್ದರು. ಆ ಗಳಿಗೆಯ ತೈಲಚಿತ್ರ ಅವರ ಊಟದ ಮನೆಯಲ್ಲಿ ತೂಗುತ್ತಿತ್ತು. ಮಗನಿಗೂ ಅದು ಬೇಕಿತ್ತು.

ಮೇ ತಿಂಗಳಲ್ಲಿ ಹೋರೇಸ್ ಸ್ಪೈಸರ್ ಎಂಬವನು ಆಲಿವ್‌ಳ ಬಲಗೈ ಮುರಿದ. ಚರ್ಮ ಹದ ಮಾಡುವ ಅಂಗಳದಲ್ಲಿ ಗಾಡಿ ಹೊಡೆಯುತ್ತಿದ್ದ ಅವನ ಜೊತೆ ಅವಳು ಒಂದಷ್ಟು ದಿನ ಓಡಾಡಿ, ಅವನ ಕುಡಿತ ನೋಡಿ ಇನ್ನು ಸಾಕು ಎಂದಿದ್ದಳು. ಅವನು ಅಂಗಳದ ಕಬ್ಬಿಣದ ಗೇಟಿನ ಹತ್ತಿರ ಕಾದು, ಅವಳು ಗೇಟಿನ ಕಂಬ ಹಿಡಿದು ಮಾತಾಡುತ್ತಿರುವಾಗ ಗೇಟನ್ನು ಎಳೆದು ಬಡಿದ. ಅವಳು ಕೈ ಬಿಡಿಸಿಕೊಳ್ಳುವ ಮೊದಲೇ ಇನ್ನೊಮ್ಮೆ ಬಡಿದ. ನಾನು ಚರ್ಮದ ಕಟ್ಟು ಹೊತ್ತು ಹತ್ತು ಗಜದಲ್ಲಿ ಬರುತ್ತಿದ್ದೆ. ಎರಡೂ ಸಲದ ಸದ್ದು ಕೇಳಿದೆ.

ಆಸ್ಪತ್ರೆಯವರು ಎರಡು ಬೆರಳು ತೆಗೆದರು. ಉಳಿದವು ಮಡಚುವುದಿಲ್ಲ ಎಂದರು. ಆ ವಾರವೇ ಶೆರಿಫರ ಆಸ್ಪತ್ರೆ ಭೇಟಿ ಇತ್ತು. ಲೈಡ್ ಹಾಸಿಗೆಯಿಂದ ಹಾಸಿಗೆಗೆ ಬಂದು, ಆಲಿವ್‌ಗೂ ಒಂದು ಗೊಂಚಲು ದ್ರಾಕ್ಷಿ ಕೊಟ್ಟು, ಬೇಗ ಗುಣವಾಗಲಿ ಮಗು ಎಂದು ಹೇಳಿ ಮುಂದೆ ಹೋದರು. ಅವಳು ಎಡಗೈಯಲ್ಲಿ ಒಂದೊಂದೇ ಹಣ್ಣು ಬಿಡಿಸಿ ತಿಂದಳು.

ಪೊಲೀಸ್ ಸಾರ್ಜೆಂಟ್ ಒಳ್ಳೆಯವನು. ಇದು ಸಣ್ಣ ಹೊಡೆದಾಟವಲ್ಲ, ಬೇಕೆಂದೇ ಅಂಗ ಊನ ಮಾಡಿದ್ದು, ಅಸೈಸ್‌ಗೇ ಹೋಗಬೇಕು ಎಂದ. ಅದಕ್ಕೆ ಮೊದಲು ಊರಿನ ಮ್ಯಾಜಿಸ್ಟ್ರೇಟರು ಸಾಕ್ಷಿ ಕೇಳಿ ಕೇಸನ್ನು ಮೇಲೆ ಕಳಿಸಬೇಕಿತ್ತು. ಥರ್ಜಾಗೆ ಸ್ಪೈಸರ್ ಎಷ್ಟು ವರ್ಷ ಒಳಗಿರುತ್ತಾನೆ ಎಂಬ ಲೆಕ್ಕ ಬೇಕಿರಲಿಲ್ಲ. "ನಂಗೆ ಬೇಕಾಗಿರೋದು ಒಂದೇ ಕಣೇ. ಆ ಕೆಂಪು ಬಟ್ಟೆಯವನು ಎಲ್ಲರ ಎದುರಿಗೆ ಹೇಳಬೇಕು, ಈ ಹುಡುಗಿಗೆ ಅನ್ಯಾಯ ಆಗಿದೆ ಅಂತ. ಅಷ್ಟು ಸಾಕು ನಂಗೆ" ಎಂದಳು. ಅದಕ್ಕಾಗಿ ಅವಳು ಮಗಳು ಭಾನುವಾರದ ಪ್ರಾರ್ಥನೆಗೆ ತೊಡುವ ಚಾಪೆಲ್ ಕೋಟಿಗೆ ಹೊಸ ಗುಂಡಿ ಹಚ್ಚಿಟ್ಟಿದ್ದಳು.

ಜೂನ್‌ನ ಒಂದು ಸೋಮವಾರ ಶೆರಿಫರ ವಕೀಲ ಪಿನಕ್ ಥರ್ಜಾಳ ಮನೆಗೇ ಬಂದ. ಶೆರಿಫರ ಕಾಗದಪತ್ರ, ಯಾರು ಎಲ್ಲಿ ನಿಲ್ಲಬೇಕು, ಯಾವ ಗಾಡಿ ಮೊದಲು ಹೋಗಬೇಕು, ಎಲ್ಲ ನೋಡಿಕೊಳ್ಳುತ್ತಿದ್ದವನು ಅವನೇ. ಕೌಂಟಿಯಲ್ಲೇ ಅತ್ಯುತ್ತಮ ಹೊಲಿಗೆ ಯಾರದು ಎಂದು ಕಾರ್ಖಾನೆಯಲ್ಲಿ ಕೇಳಿ ಬಂದಿದ್ದ. ಮುಂದಿನ ಮಂಗಳವಾರದ ಅಸೈಸ್‌ಗೆ ಬಿಳಿ ಮೇಕೆಮರಿ ಚರ್ಮದ ಒಂದು ಜೊತೆ ಬೇಕು ಎಂದ. ಥರ್ಜಾ ನನ್ನ ಮುಖ ನೋಡಿದಳು. ಅಸೈಸ್‌ಗೆ ಇನ್ನೂ ಒಂದು ಕೇಸು ಬರುವುದಿದೆಯಲ್ಲ ಸರ್ ಎಂದು ಮೆಲ್ಲಗೆ ಕೇಳಿದಳು.

"ಅದು ಗುರುವಾರ ಗೊತ್ತಾಗುತ್ತೆ, ಮಿಸೆಸ್ ಟ್ಯಾಂಡಿ. ನೀವು ಹೊಲಿದು ಇಟ್ಟಿರಿ" ಎಂದ ಪಿನಕ್.

ಅಳತೆ ಎಷ್ಟು ಎಂದು ಕೇಳಿದ್ದಕ್ಕೆ, ಯಾವುದಾದರೂ ಆದೀತು ಎಂದ. ಅವನು ಹೋದ ಮೇಲೆ ಥರ್ಜಾಗೆ ಸಿಟ್ಟು ಬಂದದ್ದು ಆ ಮಾತಿಗೆ. ಅಳತೆ ಇಲ್ಲದ ಕೈ ಯಾವ ಊರಲ್ಲಿದೆ ಎಂದು ಗೊಣಗಿದಳು. ಹೋದ ಅಸೈಸ್‌ನಲ್ಲಿ ಅದೇ ನ್ಯಾಯಾಧೀಶರು ಗಾಡಿ ಇಳಿಯುವಾಗ ಅವರ ಕೈ ನೋಡಿದ್ದಳಂತೆ, ಎಂಟೂವರೆ ಎಂದು ತಾನೇ ತೀರ್ಮಾನಿಸಿದಳು. ನಮ್ಮ ಕೇಸನ್ನು ಅಸೈಸ್‌ವರೆಗೆ ಬಿಡುವುದಿಲ್ಲ ಎಂಬುದು ಇಬ್ಬರಿಗೂ ಹೊಳೆಯಿತು. ಪಟ್ಟಿಯಲ್ಲಿದ್ದ ಕಳ್ಳತನಗಳನ್ನೆಲ್ಲ ಆಗಲೇ ಬೇರೆ ಕೋರ್ಟಿಗೆ ದಾಟಿಸಿದ್ದರು. ಉಳಿದದ್ದು ಆಲಿವ್‌ಳ ಕೇಸು ಒಂದೇ. ಬೆಡ್ಡೋಸ್ ಎಂಬ ಹುಡುಗಿ ಈ ಮಿಸೆಸ್ ಟ್ಯಾಂಡಿಯ ಮಗಳು ಎಂದು ಪಿನಕ್‌ಗೆ ಗೊತ್ತಿರಲಿಲ್ಲ.

ಶೆರಿಫ್ ಆದ ವರ್ಷ ಮ್ಯಾಜಿಸ್ಟ್ರೇಟರ ಕುರ್ಚಿಯಲ್ಲಿ ಕೂರುವಂತಿಲ್ಲ, ಹಾಗಾಗಿ ಲೈಡರ ಕೈಗೆ ಕೊಳೆ ಅಂಟಲಿಲ್ಲ. ಗುರುವಾರ ಕೂತವರು ಅವರ ಬೇಟೆಯ ಗೆಳೆಯ ಕರ್ನಲ್ ಟ್ರಫ್ಟನ್. ಎರಡನೆಯ ಸಾಕ್ಷಿ ನಾನು. ಎರಡು ಸಲ ಗೇಟು ಬಡಿಯಿತು ಎಂದು ಹೇಳಿದೆ. ಕರ್ನಲ್ ತುಂಬ ಮರ್ಯಾದೆಯಿಂದ ಕೇಳಿದರು. ಎರಡನೆಯ ಸಲ ಸ್ಪೈಸರನ ಕೈ ಗೇಟಿನ ಮೇಲೆ ಇದ್ದುದನ್ನು ಕಣ್ಣಾರೆ ನೋಡಿದಿರಾ? ಅವನ ಕೈ ಗೇಟಿನ ಆಚೆ ಬದಿಗಿತ್ತು, ಕಾಣಲಿಲ್ಲ ಎಂದೆ. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ಇನ್ನೊಂದು ಪ್ರಶ್ನೆ ಹಾಕಿದರು.

"ಆ ದಿನ ಗಾಳಿ ಇತ್ತೇನಮ್ಮಾ?"

"ಸ್ವಲ್ಪ ಇತ್ತು ಸರ್" ಎಂದೆ ನಾನು.

ಇತ್ತು, ನಿಜ. ಮೇ ತಿಂಗಳಲ್ಲಿ ನಮ್ಮೂರಲ್ಲಿ ಯಾವಾಗ ಗಾಳಿ ಇರುವುದಿಲ್ಲ? ಗಟ್ಟಿ ಆಳೊಬ್ಬ ಮೈಭಾರ ಹಾಕಿ ಎಳೆಯಬೇಕಾದ ಗೇಟು ಅದು, ಬಿರುಗಾಳಿಗೂ ಜಗ್ಗುವುದಿಲ್ಲ ಎಂದು ಹೇಳಬೇಕಿತ್ತು. ಬೈಬಲ್ ಮುಟ್ಟಿ ಪ್ರಮಾಣ ಮಾಡಿದ ಮೂಢೆ ನಾನು, ಕೇಳಿದಷ್ಟಕ್ಕೇ ಉತ್ತರ ಕೊಟ್ಟೆ. ಮೊದಲ ಸಲ ಬಡಿದದ್ದು ಸಿಟ್ಟಿನ ಭರ, ಎರಡನೆಯದು ಗಾಳಿಯೂ ಇರಬಹುದು, ಸಾಮಾನ್ಯ ಹೊಡೆತದ ಅಪರಾಧ ಇಲ್ಲೇ ತೀರಿಸಬಹುದು ಎಂದು ಕರ್ನಲ್ ಬರೆಸಿದರು. ಎರಡು ಪೌಂಡು ದಂಡ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಈ ಸ್ಪೈಸರ್ ದೊಡ್ಡವರಿಗೆ ಬೇಕಾದವನಾಗಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲವೇನೋ. ಅವನು ಯಾರ ಮಗನೂ ಅಲ್ಲ, ಯಾರ ಅಳಿಯನೂ ಅಲ್ಲ. ಅವನು ಉಳಿದರೂ ಹಾಳಾದರೂ ಆ ಜನಕ್ಕೆ ಒಂದೇ. ಒಂದು ಜೊತೆ ಕೈಗವಸಿಗೆ ಅಡ್ಡ ಬಂದಿದ್ದ, ಪಕ್ಕಕ್ಕೆ ಸರಿಸಿದರು, ಅಷ್ಟೇ.

ಹೊರಗೆ ಮೆಟ್ಟಿಲ ಮೇಲೆ ಪಿನಕ್ ಎದುರಾದ. ಥರ್ಜಾಳ ಪಕ್ಕದಲ್ಲೇ ಆಲಿವ್, ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಕೈ. ಅವನು ಟೋಪಿ ಎತ್ತಿ, ಶನಿವಾರಕ್ಕೆ ಸಿಗುತ್ತದೆ ತಾನೇ ಮಿಸೆಸ್ ಟ್ಯಾಂಡಿ ಎಂದ. ಅವನಿಗೆ ಆಗಲೂ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಕೇಳಿದನೋ, ಇವತ್ತಿಗೂ ನನಗೆ ತಿಳಿಯದು. ಸಿಗುತ್ತದೆ ಸರ್ ಎಂದಳು ಥರ್ಜಾ.

ದಾರಿಯಲ್ಲಿ ನಾನು ಅಳುತ್ತಾ ಕ್ಷಮೆ ಕೇಳಿದೆ. ಅವಳು ನಿಲ್ಲಲಿಲ್ಲ. "ಗಾಳಿ ಇತ್ತು, ನೀನು ಇತ್ತು ಅಂದೆ. ಸುಳ್ಳು ಹೇಳೋಕಾಗುತ್ತಾ?" ಎಂದಳು. ಆ ಮಾತನ್ನು ಆಮೇಲೆ ಯಾವತ್ತೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವಳು ಒಲ್ಲೆ ಎನ್ನುತ್ತಾಳೆ, ಚರ್ಮವನ್ನು ಪಿನಕ್‌ನ ಬಾಗಿಲಿಗೆ ಎಸೆಯುತ್ತಾಳೆ ಎಂದುಕೊಂಡಿದ್ದೆ. ಶುಕ್ರವಾರ ಬೆಳಿಗ್ಗೆ ಹೋದರೆ ಹೊಲಿಯುತ್ತಾ ಕೂತಿದ್ದಳು. ಕತ್ತೆಯನ್ನು ಮೂಲೆಗೆ ತಳ್ಳಿದ್ದಳು, ಬರಿಗೈ ಹೊಲಿಗೆ. ಇಂಥ ಕೆಲಸಕ್ಕೆ ಕಾರ್ಖಾನೆಯವರು ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಜೊತೆ ಕತ್ತರಿಸಿ ಕಳಿಸುತ್ತಾರೆ. ನಾಲ್ಕೂ ಮುಗಿಯುತ್ತಾ ಬಂದಿದ್ದವು. ಅಷ್ಟು ಚೆಂದದ ಕೆಲಸ ನಾನು ನೋಡಿರಲಿಲ್ಲ. ನನಗೆ ರೇಗಿತು. ಅವರಿಗೆ ಇಷ್ಟು ಚೆನ್ನಾಗಿ ಯಾಕೆ ಹೊಲಿದುಕೊಡುತ್ತೀ, ನಿನಗೆ ಮಾನ ಮರ್ಯಾದೆ ಇಲ್ಲವಾ ಎಂದುಬಿಟ್ಟೆ.

ಅವಳು ಎರಡನ್ನು ಎತ್ತಿ ಮೇಜಿನ ಮೇಲೆ ಇಟ್ಟಳು. ಒಂದು ಬೋರಲು, ಅದರ ಮೇಲೆ ಅಡ್ಡವಾಗಿ ಇನ್ನೊಂದು ಅಂಗಾತ. ಸರಿಯಾದ ಜೊತೆಯ ಹಾಗೇ ಕಂಡಿತು. ಕೈಗೆತ್ತಿಕೊಂಡು ನೋಡಿದೆ. ಎರಡೂ ಎಡಗೈ.

"ನ್ಯಾಯಾಧೀಶ ಹಾಕ್ಕೊಳ್ತಾನೆ. ಬಲಗೈಗೆ ಹೋಗಲ್ಲ. ಅವನು ತಿರುಗಿಸಿ ನೋಡ್ತಾನೆ, ಎಲ್ಲಾರೂ ನೋಡ್ತಾರೆ. ಆವಾಗ ನಾನು ಎದ್ದು ನಿಂತು ಹೇಳ್ತೀನಿ. ಮೈ ಲಾರ್ಡ್, ನನ್ನ ಮಗಳಿಗೆ ಬಲಗೈ ಇಲ್ಲ, ಅದಕ್ಕೇ ನಿಮಗೂ ಹೊಲೀಲಿಲ್ಲ ಅಂತ" ಎಂದಳು.

ಹಾಕಿಕೊಳ್ಳದಿದ್ದರೆ ಎಂದು ಕೇಳಿದೆ. ಅವಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ಹೊಸ ಗ್ಲೌಸು ಕೈಗೆ ಬಂದರೆ ಹಾಕಿ ನೋಡದ ಮನುಷ್ಯ ಉಂಟೇನೇ ಎಂದಳು. ನನಗೂ ಅದು ಸರಿ ಅನ್ನಿಸಿತು. ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು.

ಮಂಗಳವಾರ ಕಹಳೆಯವರು ಊದಿದರು, ಚರ್ಚಿನಲ್ಲಿ ಪ್ರಾರ್ಥನೆ ಆಯಿತು, ಲೈಡ್ ಕಪ್ಪು ಮಖಮಲ್ಲು, ಕೊರಳಲ್ಲಿ ಲೇಸು, ಕತ್ತಿ, ಬಕಲ್ ಬೂಟು ತೊಟ್ಟು ನ್ಯಾಯಾಧೀಶರನ್ನು ಕುದುರೆಗಾಡಿಯಲ್ಲಿ ಕರೆತಂದರು. ನಾವು ಮೂವರೂ ಮೇಲಿನ ಗ್ಯಾಲರಿಯ ಮೊದಲ ಬೆಂಚಿನಲ್ಲಿ ಕೂತಿದ್ದೆವು. ಆಲಿವ್‌ಗೆ ಥರ್ಜಾ ಏನೂ ಹೇಳಿರಲಿಲ್ಲ. ಆರೋಪಿಗಳ ಕಟಕಟೆ ಖಾಲಿ ಇತ್ತು. ಅದನ್ನು ಮೇಣ ಹಚ್ಚಿ ಉಜ್ಜಿ ಹೊಳೆಯಿಸಿದ್ದರು.

ಲೈಡ್ ಎದ್ದು ನಿಂತರು. ತಂದೆಯ ನಂತರ ತಮಗೂ ಈ ಭಾಗ್ಯ ಬಂದದ್ದು ಕೌಂಟಿಯ ಸಜ್ಜನರ ಪುಣ್ಯ ಎಂದು ಹೇಳಿ, ನೇರಳೆ ಬಣ್ಣದ ದಿಂಬಿನ ಮೇಲಿದ್ದ ಕೈಗವಸನ್ನು ಚಾಚಿದರು. ಥರ್ಜಾ ಬೆಂಚಿನ ಅಂಚಿಗೆ ಬಂದಳು. ಅವಳ ತುಟಿ ಆಗಲೇ ಆ ಮಾತನ್ನು ಆಡುತ್ತಿದ್ದುದು ನನಗೆ ಕಾಣುತ್ತಿತ್ತು.

ನ್ಯಾಯಾಧೀಶರು ದಿಂಬನ್ನು ಎರಡು ಬೆರಳಲ್ಲಿ ಮುಟ್ಟಿದರು. ಕೈಗವಸನ್ನು ಮುಟ್ಟಲೂ ಇಲ್ಲ. ತಲೆ ಬಾಗಿಸಿ, ಹೆಣ್ಣುಮಕ್ಕಳು ನಿರ್ಭಯವಾಗಿ ನಡೆದಾಡುವ ಇಂಥ ಕೌಂಟಿ ದೇಶಕ್ಕೇ ಮಾದರಿ ಎಂದರು. ತಂದೆಯ ನೆನಪಿನ ಪಕ್ಕದಲ್ಲೇ ಇದೂ ಇರಲಿ ಎಂದು ದಿಂಬಿನ ಸಮೇತ ಶೆರಿಫರಿಗೇ ಮರಳಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಲಿವ್ ಕೂಡ, ಎಲ್ಲರೂ ತಟ್ಟುತ್ತಾರೆಂದು, ಎಡಗೈಯಿಂದ ತೊಡೆಯ ಮೇಲೆ ಮೆಲ್ಲಗೆ ತಟ್ಟಿದಳು.

ಥರ್ಜಾ ಏಳಲಿಲ್ಲ. ಆಗಲೂ ಎದ್ದು ಹೇಳಬಹುದಿತ್ತು ಎಂದು ನಾನು ಬಹಳ ವರ್ಷ ಯೋಚಿಸಿದ್ದೇನೆ. ಆದರೆ ಅವಳು ದೊಡ್ಡವರ ಎದುರಿಗೆ ಬಾಯಿ ಮಾಡಿ ಬದುಕಿದವಳಲ್ಲ, ಕೈಯಲ್ಲಿ ಬದುಕಿದವಳು. ಹೇಳಬೇಕಾದದ್ದನ್ನು ಕೈಯಲ್ಲಿ ಹೇಳಿದ್ದಳು. ಅದನ್ನು ಓದುವವರು ಆ ಕೋರ್ಟಿನಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲಿಳಿಯುವಾಗ ಒಂದೇ ಮಾತು ಆಡಿದಳು. "ಅಳತೆ ಯಾವುದಾದ್ರೂ ಆದೀತು ಅಂದಿದ್ದ ಕಣೇ ಆ ಪಿನಕ್. ನಂಗೆ ಆವಾಗ್ಲೇ ಅರ್ಥ ಆಗ್ಬೇಕಿತ್ತು."

ಆಲಿವ್ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೆಲಸ ಹಿಡಿದಳು. ಒಂದು ಸಲಕ್ಕೆ ಒಂದೇ ಕಪ್ಪು ಒಯ್ಯುತ್ತಾಳೆಂದು ಗಿರಾಕಿಗಳು ಗೊಣಗುತ್ತಿದ್ದರು. ಯುದ್ಧ ಶುರುವಾದ ವರ್ಷ ನಾಟಿಂಗ್‌ಹ್ಯಾಮ್‌ಗೆ ಹೊರಟುಹೋದಳು, ಮತ್ತೆ ಬಂದದ್ದು ತಾಯಿಯ ಮಣ್ಣಿಗೆ. ಥರ್ಜಾ ಕಣ್ಣು ಮಂಜಾಗುವವರೆಗೂ ಹೊಲಿದಳು. ತಮಾಷೆ ಮಾತ್ರ ನಿಂತುಹೋಗಿತ್ತು. ದಾರಿಹೋಕರ ಕೈ ಅಳತೆ ಹೇಳುವುದನ್ನೂ ಬಿಟ್ಟಳು. ಅವಳ ಹೆಣಕ್ಕೆ ಬಟ್ಟೆ ಉಡಿಸಲು ನಾನು ಡ್ರಾಯರ್ ತೆಗೆದಾಗ, ಚಹಾ ಪೊಟ್ಟಣದ ಕಾಗದದಲ್ಲಿ ಸುತ್ತಿದ ಎರಡು ಬಿಳಿ ಕೈಗವಸು ಸಿಕ್ಕವು. ಎರಡೂ ಬಲಗೈ. ಆಲಿವ್‌ಗೆ ತೋರಿಸಿದೆ. ನನಗೆ ಬೇಡ ಅತ್ತೆ, ನೀವೇ ಇಟ್ಟುಕೊಳ್ಳಿ ಎಂದಳು.

ಹೋದ ವಾರ ಅವನ್ನು ಚೀಲದಲ್ಲಿಟ್ಟುಕೊಂಡು ಕೌಂಟಿ ಕಚೇರಿಗೆ ಹೋದೆ. ಲೈಡರ ಮನೆ ಮಾರಾಟವಾದಾಗ ಆ ಇನ್ನೆರಡು ಇಲ್ಲಿಗೆ ಬಂದವಂತೆ. ಗಾಜಿನೊಳಗೆ ಇಟ್ಟಿದ್ದಾರೆ, ಥರ್ಜಾ ಅಂದು ಮೇಜಿನ ಮೇಲೆ ಇಟ್ಟ ಹಾಗೇ, ಒಂದು ಬೋರಲು, ಒಂದು ಅಂಗಾತ. ಕೆಳಗೆ ಚೀಟಿ: ಅಪರಾಧವಿಲ್ಲದ ಅಸೈಸ್, ೧೯೩೫, ಹೈ ಶೆರಿಫ್ ಮೇಜರ್ ಲೈಡ್. ಹೊಲಿದವಳ ಹೆಸರಿಲ್ಲ. ಕಾವಲಿಗೆ ಕೂತಿದ್ದವನು ಮೂವತ್ತರ ಆಸುಪಾಸಿನ ಸಭ್ಯ ಮನುಷ್ಯ. ಅದು ಜೊತೆ ಅಲ್ಲ, ಎರಡೂ ಎಡಗೈ, ತೆಗೆದು ಒಮ್ಮೆ ಹಾಕಿಕೊಂಡು ನೋಡಪ್ಪ ಎಂದೆ. ಅವನು ನಕ್ಕ. ಮುಟ್ಟುವಂತಿಲ್ಲ ಎಂದ. ನಾನು ಚೀಲದಿಂದ ಬಲಗೈ ಎರಡನ್ನೂ ತೆಗೆದು ಅವನ ಮೇಜಿನ ಮೇಲೆ ಇಟ್ಟು, ಇವನ್ನೂ ಅಲ್ಲೇ ಇಡು, ಹೊಲಿದವಳು ಒಬ್ಬಳೇ ಎಂದೆ.

ಅವನು ಪಾಪ, ರಿಜಿಸ್ಟರು ತೆಗೆದು ನೋಡಿದ. ಬೆರಳಿಟ್ಟು ಓದಿದ. ಆಮೇಲೆ ಕೈಗವಸನ್ನು ಜೋಪಾನವಾಗಿ ಮಡಚಿ ನನ್ನ ಕೈಗೇ ಕೊಟ್ಟ.

"ಬೇಡಮ್ಮಾ. ಒಂದು ಜೊತೆ, ಸುಸ್ಥಿತಿಯಲ್ಲಿದೆ ಅಂತ ಬರೆದಿದೆ. ನಮ್ಮದು ಪೂರ್ತಿ ಇದೆ" ಎಂದ.